ಸುಂಕದವಳ ಮುಂದೆ

ವೂಚ್ ಅಂದರೆ ದೋಣಿ. ನಮ್ಮ ಊರಿನ ಹೆಸರು.
ಕಾಗದದ ದೋಣಿ ಬಿಡುವುದಕ್ಕೂ ನೀರು ಕಾಣದು:
ಇದ್ದ ಹೊಳೆಗಳನ್ನು ಎಂದೋ
ನೆಲದಡಿಯ ಕೊಳವೆಗೆ ತಳ್ಳಿ ಮೇಲೆ ಗಿರಣಿ ಕಟ್ಟಿದರು.
ಗಿರಣಿಯೂ ನಿಂತಿತು.
ನೂಲು ಸುತ್ತುತ್ತಿದ್ದ ಎರಡನೆಯ ಮಹಡಿಯಲ್ಲಿ ಈಗ
ಕಣ್ಣಿನ ರೆಪ್ಪೆ ಹೊಲಿಯುತ್ತಾರೆ.
ನಾನಲ್ಲಿ ಲೆಕ್ಕ ಬರೆಯುವವಳು.

ನನ್ನ ಪರದೆಯಲ್ಲಿ ಎರಡೇ ಕಲಮು.
ವಿನಾಯಿತಿ. ಇಪ್ಪತ್ತಮೂರು.
ಕಾಯಿಲೆಗೆಂದು ಕೊಯ್ದದ್ದು ಇತ್ತ,
ಚಂದಕ್ಕೆಂದು ಕೊಯ್ದದ್ದು ಅತ್ತ.
ಸುಂಕದವರ ಮುಂದೆ ಸುಖದುಃಖವೇ ಎಂದು ಗಾದೆ ಕೇಳುತ್ತದೆ.
ಇಲ್ಲಿ ಅದನ್ನೇ ಹೇಳಬೇಕು ಸ್ವಾಮಿ,
ದುಃಖಕ್ಕೆ ಸುಂಕವಿಲ್ಲ,
ಸುಖಕ್ಕೆ ನೂರಕ್ಕೆ ಇಪ್ಪತ್ತಮೂರು.

ಮಂಗಳವಾರ ಟ್ರಾಮ್ ಓಡಿಸುವ ಸ್ಟೆಲ್ಮಾಖ್.
ರೆಪ್ಪೆ ಜೋತು ಪಾಪೆಯ ಅರ್ಧಕ್ಕೆ ಇಳಿದಿತ್ತು,
ಸಿಗ್ನಲ್ ಕಾಣಲು ಗದ್ದ ಎತ್ತಿ ಎತ್ತಿ
ಕುತ್ತಿಗೆಯೂ ಹಿಡಿದಿತ್ತು.
ದೃಷ್ಟಿಯ ನಕ್ಷೆ ಇತ್ತು, ಡಾಕ್ಟರ ಸಹಿ ಇತ್ತು. ವಿನಾಯಿತಿ.
ಕೊನೆಯ ದಿನ ಕನ್ನಡಿ ನೋಡಿಕೊಂಡು
"ಹತ್ತು ವರ್ಷ ಇಳೀತು ನೋಡಿ" ಅಂತ ಶಿಳ್ಳೆ ಹಾಕಿದ.
ಆ ಹತ್ತು ವರ್ಷಕ್ಕೆ ತೆರಿಗೆ ಬೀಳಲಿಲ್ಲ.

ಗುರುವಾರ ಬೊಗ್ನಾ ಕ್ಮಿಯೆಚ್,
ಶಾಲೆಯ ಅಡುಗೆಮನೆಯವಳು,
ಬೆರಳ ಸಂದಿಯಲ್ಲಿ ಬೀಟ್‌ರೂಟಿನ ಕೆಂಪು.
ಅದೇ ಮೇಜು, ಅದೇ ಚಾಕು, ಕೂದಲೆಳೆಯ ಅದೇ ದಾರ.
ದೃಷ್ಟಿಗೆ ಅಡ್ಡ ಬರುತ್ತದೆಯೇ? ಇಲ್ಲ.
ತಲೆನೋವು? ಇಲ್ಲ.
ಮನಸ್ಸಿಗೆ, ಅಂದರೆ, ಕನ್ನಡಿ ನೋಡಿದರೆ ದುಗುಡ, ಹಾಗೇನಾದರೂ?
ಡಾಕ್ಟರು ಪೆನ್ನನ್ನು ಗಾಳಿಯಲ್ಲೇ ಹಿಡಿದು ಕಾದರು.
ಸುಳ್ಳಿಗೆ ಬಾಗಿಲು ತೆರೆದೇ ಇಟ್ಟಿದ್ದರು.
ಅವಳು ಹೊಸ್ತಿಲನ್ನೂ ನೋಡಲಿಲ್ಲ.
"ನನಗಾ? ನನಗೇನಾಗಿದೆ?"

ಹಣ ಎಣಿಸುವಾಗ ನನ್ನೆದುರು ಹೇಳಿದಳು,
ಕೇಳದೆಯೇ, ಚಿಲ್ಲರೆ ಹುಡುಕುತ್ತ:
ಐವತ್ತು ದಾಟಿದ ಮೇಲೆ ಅಪ್ಪನ ಕಣ್ಣು ಬಂತಂತೆ ಅವಳಿಗೆ.
ಅದೇ ಜೋಲು, ಅದೇ ಅರೆಮುಚ್ಚಿದ ನೋಟ.
ಅಪ್ಪ ಸತ್ತು ಮೂವತ್ತು ವರ್ಷ.
ಅಮ್ಮನಿಗೆ ಈಚೆಗೆ ಮರೆವು,
ಎಲ್ಲ ಮರೆತಿದ್ದಾಳೆ, ಅವನನ್ನು ಬಿಟ್ಟು.
ಸಂಜೆ ದೀಪ ಹಚ್ಚಿ ಸೂಪಿನ ಬಟ್ಟಲು ಹಿಡಿದು ಇವಳು ಒಳಗೆ ಬಂದರೆ
ಎಂಬತ್ತೊಂದರ ಮುದುಕಿ
ಮೇಜಿನ ಕೆಳಗೆ ತೆವಳುತ್ತಾಳೆ,
ಕೈ ಎರಡೂ ತಲೆಯ ಮೇಲೆ.

ಕಾನೂನಿನ ಸಾಲು ನನಗೆ ಬಾಯಿಪಾಠ:
ಆರೋಗ್ಯವನ್ನು ಕಾಯಲು, ಉಳಿಸಲು, ಮರಳಿಸಲು, ಸುಧಾರಿಸಲು.
ಯಾರ ಆರೋಗ್ಯ, ಅಂತ ಬೆರಳಿಟ್ಟು ಮತ್ತೆ ಓದಿದೆ.
ಕೊಯ್ಯುವುದು ಮಗಳ ಚರ್ಮ,
ಗುಣವಾಗಬೇಕಾದದ್ದು ಮೇಜಿನ ಕೆಳಗೆ.
ಮೂರನೆಯ ಕಲಮು ಪರದೆಯಲ್ಲಿಲ್ಲ.
ಇಪ್ಪತ್ತಮೂರು ಒತ್ತಿದೆ.
ಯಂತ್ರ ಕೂಡಿಸಿತು. ಅವಳು ಕೊಟ್ಟಳು,
ನೂರರ ನೋಟುಗಳು, ರಬ್ಬರ್ ಬ್ಯಾಂಡು ಬಿಚ್ಚಿ.

ಹೊಲಿಗೆ ತೆಗೆಸಲು ಬಂದಾಗ
ಕಣ್ಣ ಸುತ್ತ ಇನ್ನೂ ಹಳದಿ ಕಂದು.
ನಾನು ಕೇಳಬಾರದಿತ್ತು, ಕೇಳಿದೆ.
"ನಿನ್ನೆ ಯಾರಮ್ಮಾ ನೀನು ಅಂದಳು.
ಕೂತೇ ಅಂದಳು. ಕುರ್ಚಿಯಲ್ಲಿ."
ಆಮೇಲೆ ಕಿಟಕಿಗೆ ಬಾಗಿ, ಗುಟ್ಟು ಹೇಳುವವಳಂತೆ:
ಬಿಲ್ಲು ಅಮ್ಮನ ಹೆಸರಿಗೆ ಆಗುತ್ತದಾ?
ದುಡ್ಡಿಗಲ್ಲ. ತೆರಿಗೆ ಇರಲಿ ಬಿಡಿ.
ಸುಮ್ಮನೆ, ಹೆಸರು ಸರಿ ಇರಲಿ ಅಂತ.