ತಾಸಿಗೆ ಐನೂರು

ಅಗರವಾಡದ ಉಪ್ಪಿನ ಅಗರದಾಗ
ಬೂಟು ಬಿಚ್ಚಿಟ್ಟು ಇಳೀತಾರ,
ನನ್ನ ಹಲಗಿ ಹಿಡದು
ಉಪ್ಪು ಎಳಿಯಾಕ, ರೊಕ್ಕ ಕೊಟ್ಟು.

ಹನ್ನೆರಡು ವರ್ಷ ಎಳದೀನಿ.
ಒಬ್ಬರೂ ನೋಡಾಕ ಬಂದಿರಲಿಲ್ಲ.

ಉರಿ ತಡೀಲಾರದ ಒಬ್ಬಾಕಿ
ಒಂಟಿಗಾಲಿನ ಮ್ಯಾಲ ಕುಣೀತಾಳ.
ನಾ ನಗೂದಿಲ್ಲ.
ಕೊಬ್ಬರಿ ಎಣ್ಣಿ ಹಚ್ಚತೀನಿ,
ಅದಕ್ಕ ಬ್ಯಾರೆ ಇಪ್ಪತ್ತು.

ಸಂಜಿಕ ಬದುವಿನ ಮ್ಯಾಲ ಕುಂತು
ಸುಭದ್ರಾಬಾಯಿ ನೋಟು ಹಂಚತಾಳ:
ತೂಬಿನ ದುರಸ್ತಿಗೆ ಇಷ್ಟು,
ಅಗರ ಆಕೀದು, ಆಕಿಗೆ ಇಷ್ಟು,
ಗಜೇಂದ್ರಗಡದಿಂದ ಬಂದ ನಮಗೂ
ಆಕಿಯಷ್ಟ.
ಮತ್ತೊಮ್ಮೆ ಎಣಿಸಂದೆ. ಎಣಿಸಿದಳು.

ಉಪ್ಪು ಮಾತ್ರ ಇನ್ನೂ
ಕಿಲೋಕ್ಕ ಐದ ರೂಪಾಯಿ.
ಮಳಿ ಹಿಡಿದ್ರ ಅದೂ ಇಲ್ಲ, ಅವರೂ ಇಲ್ಲ.

ಈ ಲೆಕ್ಕದಾಗ ರಾತ್ರಿ
ಸಾರಿಗೆ ಉಪ್ಪು ಹಾಕೂದ ಮರತೆ.
ಯಾರೂ ಏನೂ ಅನಲಿಲ್ಲ.
ಉಂಡರು.