ಎಣ್ಣೆ ಹಾಕುವ ಕ್ರಮ

ನಾಳೆ ಕಾಲೇಜಿನಲ್ಲಿ ಹೋಳಿ ಎಂದಾಗ
ಬೈಯುತ್ತಾರೆಂದುಕೊಂಡಿದ್ದೆ.
ಅಪ್ಪ ಎದ್ದು ಒಳಗೆ ಹೋಗಿ
ಗಾಣದೆಣ್ಣೆಯ ಬಾಟ್ಲಿ ತಂದರು.
'ಕೂತ್ಕೋ. ಬಣ್ಣದ ವಿಷಯ ನಿನಗೆಂತ ಗೊತ್ತುಂಟು?'

ಬೋಳಾರದಲ್ಲಿ ಲೋಲಾಕ್ಷಣ್ಣನೆಂದರೆ
ಹದಿನೇಳು ದಸರೆಯ ಹುಲಿ.
ಎರಡು ಕೋಲು ಹಿಡಿದು, ಕಾಲಗಲಿಸಿ ನಿಂತು
ಇಡೀ ರಾತ್ರಿ ಪೇಂಟಿಗೆ ಮೈ ಕೊಟ್ಟವರು:
ಮೊದಲು ಬಿಳಿ, ಮೇಲೆ ಹಳದಿ, ಆಮೇಲೆ ಪಟ್ಟೆ.
ಒಣಗುವಾಗ ಚರ್ಮ ಎಳೆಯುತ್ತದಂತೆ
ಯಾರೋ ಒಳಗಿನಿಂದ ಹೊಲಿಗೆ ಬಿಗಿದ ಹಾಗೆ.
ಯಾವತ್ತೂ ಹೇಳಿರದ ಇದನ್ನು
ನನ್ನ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಾ ಹೇಳಿದರು.

'ಕೆನ್ನೆಗೆ ಎಲ್ಲರೂ ಹಾಕುತ್ತಾರೆ. ಬಣ್ಣ ಕೂರುವುದು ಅಲ್ಲಲ್ಲ.
ಉಗುರಿನ ಬುಡ. ಹುಬ್ಬಿನೊಳಗೆ. ಮೊಣಕೈಯ ಮಡಿಕೆ.
ತುಟಿಗೆ ತುಪ್ಪ. ಹೌದು, ತುಪ್ಪವೇ, ನಗಬೇಡ.
ಕೂದಲು ಬಿಟ್ಟುಕೊಂಡು ಹೋಗುವ ಸ್ಟೈಲೆಲ್ಲ ಬೇಡ.
ಬುಡದವರೆಗೆ ಎಣ್ಣೆ, ಮತ್ತೆ ಬಿಗಿ ಜಡೆ,
ಮೇಲೆ ನಿನ್ನಮ್ಮನ ಹಳೆ ಶಾಲು.
ಬಂದ ಕೂಡಲೇ ಬಿಸಿನೀರು ಹೊಯ್ಯಬೇಡ,
ಬಿಸಿ ಮುಟ್ಟಿದರೆ ಬಣ್ಣ ಹೊರಗೆ ಓಡುವುದಿಲ್ಲ, ಒಳಗೆ ಬರುತ್ತದೆ.
ಮೊದಲು ತಣ್ಣೀರು. ಕಡಲೆಹಿಟ್ಟು. ತಲೆಗೆ ದಾಸವಾಳದ ಗೊಂಪು.
ಸೀಮೆಎಣ್ಣೆ ಮುಟ್ಟಿದರೆ ನೋಡು!'

ಸೀಮೆಎಣ್ಣೆ ಎನ್ನುವಾಗ ಅವರ ಕೈ ನಿಂತಿತು.
ನಾನು ಚಿಕ್ಕವಳಿದ್ದಾಗ, ಬಾವಿಕಟ್ಟೆಯ ಹತ್ತಿರ,
ಅಮ್ಮ ಹಳೆ ಬಟ್ಟೆ ಅದ್ದಿ ಅದ್ದಿ
ಹುಲಿಯನ್ನು ಒರೆಸಿ ಅಪ್ಪನನ್ನು ಹೊರತೆಗೆಯುತ್ತಿದ್ದಳು.
ಅಪ್ಪ ಹಲ್ಲು ಕಚ್ಚಿಕೊಂಡು
ನನಗೆ ಯಾವುದೋ ಸಿನೆಮಾದ ಕತೆ ಹೇಳುತ್ತಿದ್ದರು.
ಆ ಬೆನ್ನಿನಲ್ಲಿ ಈಗಲೂ
ಅಂಗೈಯಗಲ ಒಂದು ಜಾಗ ಉಪ್ಪಿನ ಹಾಗೆ ಬೆಳ್ಳಗೆ.
ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು, ಅಮ್ಮ ಮರೆತಳು.
ಮರುವರ್ಷ ಅಪ್ಪ ತಾಸೆಯವರ ಹಿಂದೆ
ಇಸ್ತ್ರಿ ಅಂಗಿ ಹಾಕಿಕೊಂಡು ನಡೆದರು.

ಹೋಳಿಯ ದಿನ ಮೈದಾನದಲ್ಲಿ ಸುಡುಬಿಸಿಲು.
ಕೆನ್ನೆಗೆ ಕೈ ಹಾಕಿದ ರೆನಿಟಾ ಜಾರಿದಳು:
'ನೀನೆಂತ ಬಂಗುಡೆಯಾ ಮಾರಾಯ್ತಿ, ಕೈಗೇ ಸಿಕ್ಕುವುದಿಲ್ಲ!'
ಹಸಿರು, ಗುಲಾಬಿ, ಯಾರೋ ತಂದ ಬೆಳ್ಳಿ ಪೇಂಟು.
ಬೆಳ್ಳಿಯವನಿಂದ ಮಾತ್ರ ಓಡಿದೆ.

ಮನೆಯಲ್ಲಿ ನಾಲ್ಕು ಚೊಂಬು ತಣ್ಣೀರು.
ಎಲ್ಲ ಕಾಲಬುಡದಲ್ಲಿ ಹರಿದು
ಬಸಳೆ ಚಪ್ಪರದ ಕಡೆಗೆ ಹೋಯಿತು.
ಕನ್ನಡಿಯಲ್ಲಿ ಬೆಳಗ್ಗಿನ ನಾನೇ,
ಎಲ್ಲಿಗೂ ಹೋಗಿಯೇ ಇಲ್ಲದ ಹಾಗೆ.
ಯಾಕೋ ಸ್ವಲ್ಪ ಬೇಜಾರಾಯಿತು.

ಊಟಕ್ಕೆ ಕೂತಾಗ ಅಪ್ಪ ಬಗ್ಗಿ ನೋಡಿದರು.
ಬಲಗಿವಿಯ ಹಿಂದೆ, ಎಣ್ಣೆ ತಪ್ಪಿದಲ್ಲಿ,
ಕಡಲೆಕಾಳಿನಷ್ಟು ಗುಲಾಬಿ.
'ಅಲ್ಲಿ ಮರೆತೆ ನಾನು.'
ಬಾಟ್ಲಿ ಕೈಯಳತೆಯಲ್ಲೇ ಇತ್ತು.
ಮುಟ್ಟಲಿಲ್ಲ.
'ಇರಲಿ. ನನಗೂ ಅಲ್ಲೇ ಉಳಿಯುತ್ತಿತ್ತು, ಹಳದಿ.
ದೀಪಾವಳಿವರೆಗೂ. ಯಾರಿಗೂ ಕಾಣುತ್ತಿರಲಿಲ್ಲ.'

'ಕಾಣದೆ?' ಅಂದಳು ಅಮ್ಮ, ಸಾರು ಬಡಿಸುತ್ತಾ.
'ಬೇಕಂತಲೇ ಬಿಡುತ್ತಿದ್ದದ್ದು.'