ಎಡಕ್ಕೆ ನಾಲ್ಕು, ಬಲಕ್ಕೆ ಮೂರು

ಸೋಮವಾರ ಬೇಕರಿಗೆ ರಜೆ.
ಎಂಜಿನ್ನಿನ ಅಡಿಗೆ ಸಿಲ್ವರ್ ಓಕಿನ ಎರಡು ತುಂಡು ಕೊಟ್ಟು
ಯೆಜ್ಡಿಯ ಮುಂದಿನ ಚಕ್ರ ಬಿಚ್ಚಿದೆ.
ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕನ ಹಾಗೆ
ಬಾಯಿ ಒಳಗೆಳೆದುಕೊಂಡು ನಿಂತಿತು ಅಂಗಳದಲ್ಲಿ.

ಮೂರು ವಾರದಿಂದ ಎಡಗಾಲಿನಲ್ಲಿ ಎಣ್ಣೆ ಜಿನುಗುತ್ತಿತ್ತು.
ಸುಂಟಿಕೊಪ್ಪದಿಂದ ಮಾದಾಪುರದವರೆಗೆ
ಒಂದೊಂದು ಗುಂಡಿಗೂ ಠಕ್ಕೆಂದು ಹಣೆ ಚಚ್ಚಿಕೊಂಡು,
ಹಿಂದಿನ ಟ್ರಂಕಿನಲ್ಲಿ ಬನ್ನುಗಳು ಚಪಾತಿಯಾಗುತ್ತಿದ್ದವು.
ಅಂಗಡಿಯ ಜೋಯಪ್ಪ ಒಂದನ್ನು ಬೆಳಕಿಗೆ ಹಿಡಿದು
'ಇದಕ್ಕೆ ಪಲ್ಯ ಎಲ್ಲಿ?' ಅಂದ.

ಮೇಲಿನ ನಟ್ಟನ್ನು, ಫೋರ್ಕು ಇನ್ನೂ ಗಾಡಿಯನ್ನು ಕಚ್ಚಿಕೊಂಡಿರುವಾಗಲೇ
ಸಡಿಲಿಸಬೇಕಿತ್ತು. ನೆನಪಾದದ್ದು
ಫೋರ್ಕು ಕೈಗೆ ಬಂದ ಮೇಲೆ.
ಮತ್ತೆ ಸಿಕ್ಕಿಸಿ, ಬಿಗಿದು, ಸಡಿಲಿಸಿ, ಮತ್ತೆ ಬಿಚ್ಚಿ.
ಸೈನಬಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.
ಒಂದು ಮಾತೂ ಆಡಲಿಲ್ಲ.
ಆಡಿದ್ದರೇ ವಾಸಿಯಿತ್ತು.

ಬಕೆಟ್ಟಿಗೆ ಬಗ್ಗಿಸಿದರೆ ಬಂತು
ಮೊನ್ನೆಯ ಮತ್ತಿ ಮೀನಿನ ವಾಸನೆಯ ಕಪ್ಪು ಎಣ್ಣೆ.
ಬೆಕ್ಕು ಓಡಿ ಬಂದು, ಮೂಸಿ,
ನನ್ನ ಮುಖ ನೋಡಿ, ಹೊರಟುಹೋಯಿತು.
ಎಣ್ಣೆಯ ಹಿಂದೆ ಸ್ಪ್ರಿಂಗು.
ಸ್ಪ್ರಿಂಗಿನ ತಲೆಯ ಮೇಲಿಂದ
ಟಣ್, ಟಣ್, ಟಣ್
ಹಳೆಯ ಒಂದು ರೂಪಾಯಿಗಳು.
ಅಫ್ರಾ ಪೇಪರಿನ ಮೇಲೆ ಸಾಲಾಗಿ ಇಟ್ಟಳು,
ಜೋಪಾನ ಮಾಡುವ ಕೆಲಸ ತನ್ನದೆಂದಳು.
ನಾನು ಸೀಮೆಎಣ್ಣೆಯಲ್ಲಿ ಕೈ ತೊಳೆದು ಬಂದು ಎಣಿಸಿದೆ:
ಎಡಕ್ಕೆ ನಾಲ್ಕು, ಬಲಕ್ಕೆ ಮೂರು.

ಸ್ಪ್ರಿಂಗು ಗಟ್ಟಿಯಾಗಲೆಂದು ನಾಣ್ಯ ತುರುಕುವುದು ಹಳೆಯ ವಿದ್ಯೆ.
ಆದರೆ ಇದನ್ನು ನನಗೆ ಮಾರಿದ ದನದಾಸ್ಪತ್ರೆಯ ಕಂಪೌಂಡರ್ ಮುದ್ದಯ್ಯ
ನುಗ್ಗೆಕಾಯಿಯಂಥ ಮನುಷ್ಯ.
ಅವನ ಭಾರಕ್ಕೆ ಸೀಟಿನ ಸ್ಪಂಜೂ ತಗ್ಗುತ್ತಿರಲಿಲ್ಲ.
ಯಾಕಪ್ಪ ಇಷ್ಟು ದುಡ್ಡು, ಅದೂ ಮುಂದಕ್ಕೆ?

ಸೀಲಿನ ಕ್ಲಿಪ್ಪು ತೆಗೆಯುತ್ತಾ ಇದ್ದೆ,
ಆಚೆ ತೋಟದಲ್ಲಿ ಹೂವಿಗೆ ನೀರು ಚಿಮ್ಮಿಸುವ ಪಂಪು ಒಂದೇ ಸಮನೆ ಬಡಿಯುತ್ತಿತ್ತು,
ಆಗ ಕಂಡಿತು:
ನಾನು ನಾಲ್ಕನೇ ಕ್ಲಾಸು, ಶಾಲೆಯ ಗೇಟು, ಇದೇ ಗಾಡಿ,
ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿದ ಕರು,
ಗೋಣಿಯಿಂದ ಹೊರಗೆ ಅದರ ತಲೆ.
ಹ್ಯಾಂಡಲ್ಲಿನ ಪಕ್ಕದಿಂದ ಅದು
ರಸ್ತೆಯನ್ನು ನೋಡುತ್ತಾ ಹೋಯಿತು,
ಎಲ್ಲಿ ತಿರುಗಬೇಕೆಂದು ಮುದ್ದಯ್ಯನಿಗೆ ಹೇಳಬೇಕಾದವರ ಹಾಗೆ.

ಎಷ್ಟು ಕರು ಕೂತಿದ್ದವೋ ಈ ಏಳು ರೂಪಾಯಿಯ ಮೇಲೆ.

ಪೈಪಿನಲ್ಲಿ ತುಕ್ಕು ತಿಂದ ಎರಡು ಕುಳಿ.
ಹೊಸ ಪೈಪಿನ ಬೆಲೆಗೆ ಎರಡು ಮೂಟೆ ಮೈದಾ ಬರುತ್ತದೆ.
ಸೈನಬಾ ಒಳಗೆ ಹೋಗಿ ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದಳು,
ತಂಗಿಯ ಮದುವೆಯಲ್ಲಿ ಉಳಿದದ್ದು.
ಕುಳಿ ತುಂಬಿ, ಒಣಗಿಸಿ, ಸಾವಿರ ನಂಬರಿನ ಕಾಗದದಲ್ಲಿ ಉಜ್ಜಿ
ಬೆರಳು ಆಡಿಸಿದರೆ
ಎಲ್ಲಿತ್ತೆಂದು ಬೆರಳಿಗೆ ತಿಳಿಯಲಿಲ್ಲ.

ಅಟ್ಟದಿಂದ ಅಫ್ರಾಳ ಹಾಲಿನ ಬಾಟಲಿ ಇಳಿಯಿತು.
ನೂರೈವತ್ತರ ಗೆರೆ ಅದರಲ್ಲಿ ಇನ್ನೂ ಸ್ಪಷ್ಟ.
ಹೊಸ ಎಣ್ಣೆ ಜೇನಿನ ಬಣ್ಣ.
'ಉಪ್ಪಾ, ನಾನು ಒಂದೇ ಸಲಕ್ಕೆ ಇಷ್ಟು ಕುಡೀತಿದ್ನಾ?'
ಕುಡಿದು ತೇಗುತ್ತಿದ್ದೆ, ಇದೂ ತೇಗುತ್ತದೆ ನೋಡು, ಅಂದೆ.
ಫೋರ್ಕನ್ನು ನಿಲ್ಲಿಸಿ ಮೇಲೆ ಕೆಳಗೆ ಒತ್ತಿದಾಗ
ಬುಳುಕ್ ಎಂದು ಗಾಳಿ ಬಂತು.
ಅವಳು ಅದರ ಬೆನ್ನು ತಟ್ಟಿದಳು.

ಬಲಕ್ಕೆ ಕಡಿಮೆ ಬಿದ್ದ ಒಂದಕ್ಕೆ
ಬನ್ನಿನ ಚಿಲ್ಲರೆಯಿಂದ ಎರಡು ರೂಪಾಯಿಯ ನಾಣ್ಯ ಹಾಕಿ ಮುಚ್ಚಿದೆ.
ಒಂದು ರೂಪಾಯಿಗೆ ಜಿಪುಣತನ ಮಾಡಿದ ಮುದ್ದಯ್ಯನನ್ನು
ಮೂರು ದಿನ ಮಾದಾಪುರದವರೆಗೂ ಬೈದುಕೊಂಡು ಹೋದೆ.
ಬನ್ನುಗಳು ಉಬ್ಬಿದ ಹಾಗೇ ತಲುಪಿದವು.
ಜೋಯಪ್ಪ ಎಣಿಸಿಕೊಂಡ, ಏನೂ ಹೇಳಲಿಲ್ಲ.

ಗುರುವಾರ ರಾತ್ರಿ ಅಫ್ರಾಳ ಡ್ರಾಯಿಂಗ್ ಪುಸ್ತಕ ತೆರೆದು ಬಿದ್ದಿತ್ತು.
ಹಾಳೆಯ ತುಂಬ ಪೆನ್ಸಿಲ್ಲಿನಲ್ಲಿ ಉಜ್ಜಿ ತೆಗೆದ ದುಂಡನೆಯ ಅಚ್ಚುಗಳು.
ಎರಡು ತೆನೆ, ನಡುವೆ ಒಂದು.
ಎರಡು ತೆನೆ, ನಡುವೆ ಒಂದು.

ಪುಸ್ತಕ ಮುಚ್ಚಿದೆ.
ಬೆಳಿಗ್ಗೆ ಐದಕ್ಕೆ ಟ್ರಂಕು ಕಟ್ಟುವ ಮೊದಲು
ಪೈಪಿನ ಸುತ್ತ ಬೆರಳಾಡಿಸಿ ನೋಡಿದೆ.
ಎಡ ಒಣಗಿತ್ತು.
ಬಲವೂ.
ಮುದ್ದಯ್ಯಾ, ತಪ್ಪಾಯಿತು ಅಂತ
ಟ್ಯಾಂಕಿನ ಮೇಲೊಮ್ಮೆ ಕೈ ಸವರಿ
ಕಿಕ್ ಹೊಡೆದೆ.